ನಿನ್ನೆ ಹೇಗಿದ್ದರು?

(ಮುಂಬಯಿಯ ಮಾಟುಂಗಾದಲ್ಲಿ ಹಿರಿಯ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಉಪನ್ಯಾಸದ ವಿಷಯವೇನು ಎಂದು ಫೋನಿನಲ್ಲಿ ಕೇಳಿದಾಗ ನಾನು ‘ಆಲ್ಟರ್ಡ್ ಸೆನ್ಸೋರಿಯಂ’ ಅಂದುಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಡಾಕ್ಟ್ರೇ, ಕನ್ನಡದಲ್ಲಿ ಹೇಳಿ, ಪತ್ರಿಕೆ ಅಚ್ಚು ಹಾಕಿಸ್ಬೇಕು’ ಅಂದರು. ಎಚ್ಚರ, ಗಮನ ಏರುಪೇರಾಗುವುದು ಎಂದು ಅದರ ಅರ್ಥ. ಯೋಚಿಸುತ್ತಾ ಹೋದರೆ ಕನ್ನಡದಲ್ಲಿ ಇದಕ್ಕೆ ಬಡತನವೇ ಇಲ್ಲ. ಮಂಪರು, ಕನವರಿಕೆ, ಬಡಬಡಿಕೆ, ಎಚ್ಚರ ತಪ್ಪುವುದು. ಜ್ವರ ತಲೆಗೇರಿ ಗೋಡೆಯ ಜೊತೆ ಮಾತಾಡುವವರನ್ನು ಕಂಡರೆ ನನ್ನ ಅಜ್ಜಿ ‘ಸನ್ನಿ ಹಿಡಿದಿದೆ’ ಅನ್ನುತ್ತಿದ್ದಳು. ಆಯುರ್ವೇದದ ಸನ್ನಿಪಾತದಿಂದ ಬಂದ ಮಾತು ಅದು; ಮೂರೂ ದೋಷಗಳು ಒಟ್ಟಿಗೆ ಕೆರಳಿದ ಸ್ಥಿತಿ. ಸನ್ನಿ ಅಂದರೆ ಒಳಗೆ ಬೇರೇನೋ ಕೆಟ್ಟಿದೆ, ತಲೆ ಅದನ್ನು ತೋರಿಸುತ್ತಿದೆ ಎಂದು ಅಜ್ಜಿಗೆ ಗೊತ್ತಿತ್ತು. ನಮ್ಮ ಕೇಸ್ ಪೇಪರಿನ ಶಬ್ದಕ್ಕಿಂತ ಅದೇ ವಾಸಿ.

ಇದರ ಎದುರಿಗೆ ನಮ್ಮಲ್ಲೇ ಇನ್ನೊಂದು ಗಾದೆಯಿದೆ, ‘ಅರವತ್ತಕ್ಕೆ ಅರಳು ಮರುಳು’. ಈ ಗಾದೆ ಎಷ್ಟು ಜನರನ್ನು ತಡವಾಗಿ ಆಸ್ಪತ್ರೆಗೆ ತಂದಿದೆಯೋ ಲೆಕ್ಕವಿಲ್ಲ. ಮರೆವಿನ ಕಾಯಿಲೆ ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಮಂಗಳವಾರ ಮಾರ್ಕೆಟ್ಟಿಗೆ ಹೋಗಿ ಚಿಲ್ಲರೆ ಎಣಿಸಿ ತಂದವರು ಗುರುವಾರ ಮಗಳ ಗುರುತು ಹಿಡಿಯದಿದ್ದರೆ ಅದು ವಯಸ್ಸಲ್ಲ, ಎಮರ್ಜೆನ್ಸಿ. ಹಾಗಾಗಿ ರೋಗಿಯ ಜೊತೆ ಬಂದವರಿಗೆ ನನ್ನ ಮೊದಲ ಪ್ರಶ್ನೆ, ‘ನಿನ್ನೆ ಹೇಗಿದ್ದರು?’ ಸಿಟಿ ಸ್ಕ್ಯಾನಿಗೆ ಇದು ಗೊತ್ತಿಲ್ಲ. ನಿಮಗೆ ಮಾತ್ರ ಗೊತ್ತು.

ಕೇಳುವ ಹೊತ್ತಿಗೆ ಕೈ ಸುಮ್ಮನಿರುವುದಿಲ್ಲ, ಅನ್ನಿ. ಉಸಿರಿನ ದಾರಿ ತೆರೆದಿದೆಯೇ, ಉಸಿರು, ನಾಡಿ, ಬಿಪಿ, ಆಕ್ಸಿಜನ್. ಜೊತೆಗೇ ಬೆರಳಿಗೆ ಒಂದು ಚುಚ್ಚು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಅರ್ಧ ಸಭೆಯ ಜೇಬಿನಲ್ಲಿ ಶುಗರಿನ ಮಾತ್ರೆ ಇರಬೇಕು. ಮೆದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು, ತಿನ್ನುವುದು ಶಕ್ತಿಯ 20 ಪಾಲು. ಅದಕ್ಕೆ ಉಗ್ರಾಣವಿಲ್ಲ. ಗ್ಲೂಕೋಸ್ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ; ಇನ್ನೂ ಇಳಿದರೆ ಸಿಟ್ಟು, ಅಸಂಬದ್ಧ ಮಾತು, ಫಿಟ್ಸ್. ಕೆಲವರಿಗೆ ಒಂದು ಕಡೆಯ ಕೈಕಾಲೇ ಬಿದ್ದುಹೋಗುತ್ತದೆ. ಪಾರ್ಶ್ವವಾಯು ಎಂದು ಓಡಿಸಿಕೊಂಡು ತರುತ್ತಾರೆ. ನಾಳಕ್ಕೆ 25 ಗ್ರಾಂ ಗ್ಲೂಕೋಸ್ ಹೋದ ಕೆಲವು ನಿಮಿಷದಲ್ಲಿ ಎದ್ದು ಕೂತು ‘ನನ್ನನ್ನು ಇಲ್ಲಿಗೆ ಯಾಕೆ ತಂದಿರಿ’ ಎಂದು ಜಗಳಕ್ಕೆ ಬರುತ್ತಾರೆ. ವೈದ್ಯಕೀಯದಲ್ಲಿ ಪವಾಡ ಅನ್ನಬಹುದಾದದ್ದು ಇದೊಂದೇ. ಆದರೆ ಮೋಸ ಇರುವುದೂ ಇಲ್ಲೇ. ಗ್ಲಿಮಿಪಿರೈಡ್, ಗ್ಲೈಬೆನ್‌ಕ್ಲಮೈಡ್ ಜಾತಿಯ ಮಾತ್ರೆ ನುಂಗಿ ಏಕಾದಶಿ ಉಪವಾಸ ಮಾಡಿದವರಿಗೆ, ಅದರಲ್ಲೂ ಕಿಡ್ನಿ ಸೋತವರಿಗೆ, ಸಕ್ಕರೆ ಮತ್ತೆ ಮತ್ತೆ ಜಾರುತ್ತದೆ. ಎದ್ದು ಕೂತರಲ್ಲ, ಮನೆಗೆ ಹೋಗುತ್ತೇವೆ ಅನ್ನಬೇಡಿ; ಒಂದು ರಾತ್ರಿ ಇರಿ.

ಇನ್ನೊಂದು ಮಾತು. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ನೀರು, ಶರಬತ್ತು, ತೀರ್ಥ ಯಾವುದನ್ನೂ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಹೋಗುತ್ತದೆ. ನುಂಗಬಲ್ಲವರಿಗಾದರೆ ಸಕ್ಕರೆ ನೀರು ಕೊಡಿ.

ಎಚ್ಚರವನ್ನು ಅಳೆಯುವುದು ಹೇಗೆ? 1974ರಲ್ಲಿ ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಒಂದು ಅಳತೆಗೋಲು ಕೊಟ್ಟರು. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಯಾವುದೂ ಇಲ್ಲದವನಿಗೂ 3 ಸಿಗುತ್ತದೆ. ಸೊನ್ನೆ ಬರದ ಪರೀಕ್ಷೆ ಎಂದು ಓದುವಾಗ ನಗುತ್ತಿದ್ದೆವು. ಒಮ್ಮೆ ಬರೆದ ಅಂಕಕ್ಕಿಂತ ಅರ್ಧ ಗಂಟೆ ಬಿಟ್ಟು ಬರೆದ ಎರಡನೆಯ ಅಂಕ ಮುಖ್ಯ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು. ಆದರೆ ಮಾತಿನ ಆ 5 ಅಂಕ ಇದೆಯಲ್ಲ, ಮುಂಬಯಿಯಲ್ಲಿ ಅದೇ ತಕರಾರು. ಯಾವ ಮಾತು?

ಕುಂದಾಪುರದ ಕಡೆಯ ಒಬ್ಬ ಹಿರಿಯರು, ಡೊಂಬಿವಿಲಿಯ ಮಗನ ಮನೆಗೆ ಬಂದು ತಿಂಗಳಾಗಿತ್ತು. ರಾತ್ರಿ ಹನ್ನೊಂದಕ್ಕೆ ತಂದರು. ಎರಡು ದಿನದಿಂದ ಒಂಥರಾ ಇದ್ದಾರೆ, ಗಲಾಟೆಯೇನಿಲ್ಲ, ಸುಮ್ಮನೆ ಮಲಗಿರುತ್ತಾರೆ. ವಿದರ್ಭದ ಕಿರಿಯ ವೈದ್ಯ ಹಿಂದಿಯಲ್ಲಿ ಇಸವಿ ಕೇಳಿದ, ಊರು ಕೇಳಿದ. ಇವರು ಫ್ಯಾನು ನೋಡುತ್ತಾ ಕನ್ನಡದಲ್ಲಿ ಏನೋ ಅಂದರು. ಅವನು ಗೊಂದಲವಿದೆ ಎಂದು ಮಾತಿಗೆ 4 ಹಾಕಿದ. ನಾನು ಬಂದು ಕನ್ನಡದಲ್ಲಿ ಕೇಳಿದರೆ ಹೆಸರು, ಊರು, ‘ಬೊಂಬಾಯಿ, ಆಸ್ಪತ್ರೆ, ಮಗ ಕರ್ಕಂಡ್ ಬಂದದ್ದ್’ ಎಲ್ಲ ಸರಿ. ಹುಡುಗನನ್ನು ಗದರಿಸಲು ಬಾಯಿ ತೆರೆದವನು ಅಭ್ಯಾಸಬಲದಿಂದ ಇನ್ನೊಂದು ಕೇಳಿದೆ, ವಾರದ ಹೆಸರು ಹಿಂದಿನಿಂದ ಹೇಳಿ. ಶನಿವಾರ, ಶುಕ್ರವಾರ, ಗುರುವಾರ... ಶುಕ್ರವಾರ, ಶನಿವಾರ... ಅಲ್ಲಿಗೆ ನಿಂತು, ಬಚ್ಚಲ ಒಲೆಗೆ ಬೆಂಕಿ ಹಾಕಿದ್ದಾರಾ ಎಂದು ನರ್ಸನ್ನು ಕೇಳಿದರು.

ಗಮನ ಹಿಡಿದಿಡಲಾಗದೆ ಇರುವುದೇ ಸನ್ನಿಯ ಗುರುತು. ಕಿರಿಯನ ಅಂಕ ಸರಿಯಿತ್ತು, ಕಾರಣ ತಪ್ಪಾಗಿತ್ತು. ನನ್ನದು ಹೆಚ್ಚುಕಮ್ಮಿ ತಿರುಗಮುರುಗ. ರಕ್ತದಲ್ಲಿ 135ರಿಂದ 145 ಇರಬೇಕಾದ ಸೋಡಿಯಂ 114 ಇತ್ತು. ಬಿಪಿಗೆಂದು ಮೂತ್ರ ಹೋಗಿಸುವ ಮಾತ್ರೆ ಹೊಸದಾಗಿ ಶುರುವಾಗಿತ್ತು, ಊಟ ಅರ್ಧಕ್ಕಿಳಿದಿತ್ತು, ಸೊಸೆ ಭಕ್ತಿಯಿಂದ ಉಪ್ಪು ಪೂರ್ತಿ ನಿಲ್ಲಿಸಿದ್ದಳು. ಇದನ್ನು ಅವಸರದಲ್ಲಿ ಏರಿಸಿದರೆ ಮೆದುಳಿನ ಕಾಂಡಕ್ಕೇ ಪೆಟ್ಟು. ದಿನಕ್ಕೆ 8ರಷ್ಟು, ನಿಧಾನಕ್ಕೆ. ಐದನೆಯ ದಿನ ಮತ್ತೆ ಕೇಳಿದೆ. ‘ವಾರ ಎಲ್ಲಾದ್ರೂ ಹಿಂದೆ ಹೋತಾ ಮಾರಾಯ್ರೆ?’ ಎಂದು ಬೈದು, ಏಳೂ ತಪ್ಪಿಲ್ಲದೆ ಹೇಳಿದರು.

ಕೂಗಾಡುವ ರೋಗಿಯನ್ನು ಎಲ್ಲರೂ ನೋಡುತ್ತಾರೆ. ಸುಮ್ಮನೆ ಮಲಗಿದವರೇ ಕೈತಪ್ಪುವುದು.

ಇನ್ನು ನನ್ನದೇ ತಪ್ಪೊಂದು. ಕೆಲಸಕ್ಕೆ ಸೇರಿದ ಹೊಸತು. ಹೋಟೆಲಿನ ಹುಡುಗನೊಬ್ಬ, ಬಾಯಿತುಂಬ ವಾಸನೆ, ತೊದಲು. ‘ಕುಡಿದಿದ್ದಾನೆ, ಮಲಗಲಿ’ ಅಂದೆ. ಎರಡು ಗಂಟೆಯ ನಂತರ ವಾರ್ಡ್‌ಬಾಯ್ ಕರೆದ. ಹುಡುಗನ ಒಂದು ಕಣ್ಣಿನ ಪಾಪೆ ಹಿಗ್ಗಿತ್ತು. ಮೆಟ್ಟಿಲಿಂದ ಬಿದ್ದಿದ್ದ, ತಲೆಬುರುಡೆಯ ಒಳಗೆ ರಕ್ತ ಕಟ್ಟುತ್ತಿತ್ತು. ಆಪರೇಷನ್ ಆಗಿ ಬದುಕಿದ. ಅದರಲ್ಲಿ ನನ್ನ ಪಾಲೇನೂ ಇಲ್ಲ, ವಾರ್ಡ್‌ಬಾಯ್‌ದು. ಕುಡಿದವನಿಗೂ ಸಕ್ಕರೆ ಇಳಿಯುತ್ತದೆ, ತಲೆಗೆ ಪೆಟ್ಟಾಗುತ್ತದೆ, ಜ್ವರವೂ ಬರುತ್ತದೆ. ದಿನವೂ ಕುಡಿಯುವವನು ಥಟ್ಟನೆ ಬಿಟ್ಟರೆ ಎರಡು ಮೂರು ದಿನಕ್ಕೆ ನಡುಕ, ಗೋಡೆ ಮೇಲೆ ಹುಳ ಕಾಣುವುದು ಶುರು, ಅದರಲ್ಲೂ ಸಾವಿದೆ. ಇಲ್ಲೇ ಮುಂಬಯಿಯ ಮಾಳವಣಿಯಲ್ಲಿ 2015ರ ಜೂನಿನಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಅದು ಮೆಥನಾಲ್ ಎಂಬ ವಿಷದ ಮದ್ಯಸಾರ. ಅದು ಮೊದಲು ಬರೀ ನಶೆಯಂತೆಯೇ ಕಾಣುತ್ತದೆ. ಗಂಟೆಗಟ್ಟಲೆ ಕಳೆದ ಮೇಲೆ ಹೊಟ್ಟೆನೋವು, ಕಣ್ಣೆದುರು ಬಿಳಿ ಮಂಜು. ‘ಕಣ್ಣು ಮಂಜಾಗಿದೆ’ ಅಂದ ಕುಡುಕನನ್ನು ಮಲಗಲು ಬಿಡಬೇಡಿ.

ನಮ್ಮ ಊರಿಗೇ ಅಂಟಿದ ಮೂರು ಸಂಗತಿ ಬೇಗ ಹೇಳುತ್ತೇನೆ, ಚಹಾ ಬರುತ್ತಿದೆ. ಮಳೆಗಾಲದಲ್ಲಿ ಜ್ವರದ ಜೊತೆ ಬಡಬಡಿಕೆ ಬಂದರೆ ಫಾಲ್ಸಿಪಾರಂ ಮಲೇರಿಯ ಮೆದುಳಿಗೇರಿರಬಹುದು. ಬೆಳಗಾಗಲಿ ಎಂದು ಕಾಯುವಂತಿಲ್ಲ. ಜ್ವರದ ಜೊತೆ ಕುತ್ತಿಗೆ ಬಿಗಿದರೂ ಅಷ್ಟೇ. ಸೆಕೆಯಲ್ಲಿ ತಂದೂರಿನ ಮುಂದೆ ನಿಂತವನು ಅಸಂಬದ್ಧ ಮಾತಾಡಿ ಕುಸಿದರೆ, ಮೈ ಕೆಂಡವಾಗಿದ್ದರೆ, ಆಂಬುಲೆನ್ಸಿಗೆ ಫೋನು ಮಾಡುತ್ತಲೇ ನೀರು ಸುರಿಯಿರಿ, ಗಾಳಿ ಹಾಕಿ. ಆಸ್ಪತ್ರೆ ಮುಟ್ಟುವ ತನಕ ಕಾಯಬೇಡಿ. ಮೂರನೆಯದು ಕಿಟಕಿಯಿಲ್ಲದ ಬಾತ್‌ರೂಮಿನ ಗ್ಯಾಸ್ ಗೀಸರ್. ಸ್ನಾನಕ್ಕೆ ಹೋದವರು ಒಳಗೇ ಬಿದ್ದರೆ ಕಾರ್ಬನ್ ಮೊನಾಕ್ಸೈಡ್ ನೆನಪಿರಲಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಆಗಲೂ 98 ತೋರಿಸಬಹುದು. ಆ ಯಂತ್ರಕ್ಕೆ ವಿಷಗಾಳಿ ಹೊತ್ತ ರಕ್ತ ಯಾವುದು, ಆಮ್ಲಜನಕ ಹೊತ್ತದ್ದು ಯಾವುದು ತಿಳಿಯದು. ‘ಬಾತ್‌ರೂಮಿನಲ್ಲಿ ಬಿದ್ದರು’ ಅಂದರೆ ಸಾಲದು, ಗೀಸರ್ ಉರಿಯುತ್ತಿತ್ತೇ ಹೇಳಿ.

ಮನೆಯಲ್ಲಿ ಇಷ್ಟು ಮಾಡಿ. ಉಸಿರಿದ್ದು ಎಚ್ಚರವಿಲ್ಲದಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಫಿಟ್ಸಿಗೆ ಚಪ್ಪಲಿ, ಈರುಳ್ಳಿ, ಬೀಗದ ಕೈ ಯಾವುದೂ ಬೇಡ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಅಪಾಯ. 108ಕ್ಕೆ ಫೋನು ಮಾಡಿ. ಮಾತ್ರೆಯ ಸ್ಟ್ರಿಪ್ಪುಗಳನ್ನೆಲ್ಲ ಒಂದು ಚೀಲಕ್ಕೆ ಸುರಿದು ತನ್ನಿ, ಮುಗಿದ ಸ್ಟ್ರಿಪ್ಪನ್ನೂ ಸೇರಿಸಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಅದನ್ನು ಬಾಗಿಲಲ್ಲೇ ಹೇಳಿ. ತಿಂಗಳ ಹಿಂದೆ ತಲೆ ತಾಗಿದ್ದರೂ ಹೇಳಿ. ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ‘ಎಷ್ಟು ಗಂಟೆಗೆ ಶುರುವಾಯಿತು’ ಅನ್ನುವುದಕ್ಕಿಂತ ‘ಸರಿ ಇದ್ದದ್ದನ್ನು ಕೊನೆಗೆ ಎಷ್ಟು ಗಂಟೆಗೆ ನೋಡಿದಿರಿ’ ಎಂಬುದು ನಮಗೆ ಬೇಕು. ಹೆಪ್ಪು ಕರಗಿಸುವ ಮದ್ದಿನ ನಾಲ್ಕೂವರೆ ಗಂಟೆ ಎಣಿಸುವುದು ಅಲ್ಲಿಂದ. ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಹಾಗೆ ಕಂಡರೆ ನಮ್ಮ ಲೆಕ್ಕ ಹತ್ತರಿಂದ.

ಜೊತೆಗೆ ಬರುವಾಗ ಅಜ್ಜ ಅಜ್ಜಿಯ ಭಾಷೆ ಬಲ್ಲ ಒಬ್ಬರನ್ನು ಕರೆತನ್ನಿ, ತುಳುವಾದರೆ ತುಳು. ಮೂರನೆಯ ಸಾಲಿನಲ್ಲಿ ಆಗಿನಿಂದ ಒಂದು ಕೈ ಮೇಲೆಯೇ ಇದೆ. ಅಮ್ಮ, ನೀವೇ ಮೊದಲು ಕೇಳಿ.