ಎರಡನೇ ಭಾನುವಾರ ಎಲ್ಲಿಗೆ?

ಕೇಳುಗರಿಗೆ ನಮಸ್ಕಾರ.

ಹಾಸನದ ನಮ್ಮ ಹುಡುಗ-ಹುಡುಗಿಯರ ಗುಂಪಿಗೆ ಒಂದು ಜನವರಿಯಲ್ಲಿ, ತಿಂಗಳಿಗೊಂದು ಸುತ್ತಾಟ ಅಂತ ಇಡೀ ವರ್ಷದ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಅಕ್ಷರ ದುಂಡಗಿತ್ತು, ಅಷ್ಟೇ. ಆಗಸ್ಟ್ ಎದುರಿಗೆ 'ಶೆಟ್ಟಿಹಳ್ಳಿ ಚರ್ಚ್, ಒಳಗೆ ಕೂತು ಚಿತ್ರ ಬಿಡಿಸುವುದು' ಅಂತಿತ್ತು. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಆ ಪಾಳು ಚರ್ಚಿನೊಳಗೆ ನುಗ್ಗುವುದು ಜಿಲ್ಲೆಗೆಲ್ಲ ಗೊತ್ತು. ಬರೆಯುವಾಗ ನನಗೆ ಮಾತ್ರ ಮರೆತಿತ್ತು. ಹೋಗಿ ನೋಡಿದರೆ ಚರ್ಚ್ ಅರ್ಧ ನೀರಲ್ಲಿ. ನಾವು ದಡದಲ್ಲಿ, ಕೊಡೆ ಹಿಡಿದು ಪುಳಿಯೋಗರೆ ತಿನ್ನುತ್ತಾ.

"ಅಣ್ಣಾ, ಪಟ್ಟಿನ ಮಳೆಗೂ ತೋರಿಸಿದ್ರಾ?" ಅಂತ ಒಬ್ಬಳು ಕೇಳಿದಳು.

ಆಮೇಲಿಂದ ದಿನ ಮಾತ್ರ ಗಟ್ಟಿ, ತಿಂಗಳ ಎರಡನೇ ಭಾನುವಾರ. ಜಾಗ ತೀರ್ಮಾನವಾಗುವುದು ಅದರ ಹಿಂದಿನ ಗುರುವಾರ ರಾತ್ರಿ, ಆಕಾಶ ನೋಡಿಕೊಂಡು. ಬಿಸಿಲಿಗೊಂದು, ಮಳೆಗೊಂದು ಯೋಚನೆ ಕೈಯಲ್ಲಿರುತ್ತದೆ. ಮಳೆಯದು ಸಪ್ಪೆಯಾಗಿದ್ದರೆ ಯಾರೂ ಬರಲ್ಲ, ಅಲ್ವಾ? ಮಳೆ ಬರಲಪ್ಪಾ ಅಂತ ಹುಡುಗರೇ ಬೇಡಿಕೊಳ್ಳುವಂತಿರಬೇಕು.

ಸಕಲೇಶಪುರದ ಮಂಜರಾಬಾದ್ ಕೋಟೆಯನ್ನೇ ತಗೊಳ್ಳಿ. 1792ರ ಸುಮಾರಿಗೆ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರ. ಆದರೆ ಒಳಗೆ ನಿಂತವರಿಗೆ ನಕ್ಷತ್ರ ಕಾಣಲ್ಲ. ಅದೇ ನಮ್ಮ ಆಟ. ನಾಲ್ಕು ಗುಂಪು, ಒಂದೊಂದು ಹಾಳೆ, ಪೆನ್ಸಿಲ್ಲು. ಹೆಜ್ಜೆ ಎಣಿಸಿಕೊಂಡು ಕೋಟೆಯ ನಕ್ಷೆ ಬರೆಯಬೇಕು. ಒಂದು ಗುಂಪಿನ ನಕ್ಷತ್ರಕ್ಕೆ ಹನ್ನೊಂದು ಮೂಲೆ ಬಂತು. ಇನ್ನೊಂದು ಗುಂಪಿನದು ಥೇಟ್ ಹಲಸಿನಹಣ್ಣು! ಜಗಳ ಬಸ್ಸಿನಲ್ಲೂ ಮುಗಿಯಲಿಲ್ಲ. ಮಳೆ ಹಿಡಿದರೆ ಅಲ್ಲಿ ಕಲ್ಲೆಲ್ಲ ಹಾವಸೆ, ಕಾಲು ನಿಲ್ಲಲ್ಲ. ಆ ಭಾನುವಾರ ನಮ್ಮ ಮನೆಯಲ್ಲೇ ಕಡುಬಿನ ಪಂದ್ಯ.

ಕೆಲವೊಮ್ಮೆ ಹೊತ್ತು ಬದಲಿಸಿದರೆ ಸಾಕು. ಶ್ರವಣಬೆಳಗೊಳದ ದೊಡ್ಡ ಬೆಟ್ಟಕ್ಕೆ 600ಕ್ಕೂ ಜಾಸ್ತಿ ಮೆಟ್ಟಿಲು, ಹತ್ತುವುದು ಬರಿಗಾಲಲ್ಲಿ. ಏಪ್ರಿಲ್ ಬಿಸಿಲೇರಿದ ಮೇಲೆ ಬಂಡೆ ಕಾದ ಹೆಂಚು. ಬೆಳಗ್ಗೆ ಮೊದಲ ಬಸ್ಸಿಗೇ ಹೊರಡುತ್ತೇವೆ.

ಬದಲಾಗದವೂ ಇವೆ. ಆಲೂರು, ಸಕಲೇಶಪುರದ ಕಡೆ ಆನೆ ಎಲ್ಲಿದೆ ಅಂತ ಊರವರನ್ನು ಕೇಳದೆ ತೋಟದ ದಾರಿ ಹಿಡಿಯಲ್ಲ. ನೀರಿಗೆ ಇಳಿಯಲ್ಲ. ಕತ್ತಲಾಗುವ ಮೊದಲು ವಾಪಸ್. ಜಾಗ ಬದಲಾದರೆ ಎಲ್ಲರ ಮನೆಗೂ ಫೋನ್. ಇದರಲ್ಲಿ ಚೌಕಾಸಿ ಇಲ್ಲ.

ಇವತ್ತು ಗುರುವಾರ. ಮೋಡ ಕಟ್ಟಿದೆ. ಎಂಟು ಗಂಟೆಗೆ ಹುಡುಗರು ಬರುತ್ತಾರೆ. ಅಕ್ಕಿ ತರಿ ಎಷ್ಟಿದೆ ಅಂತ ಮನೆಯಲ್ಲಿ ಈಗಲೇ ಕೇಳಿಡಬೇಕು. ಬರ್ತೀನಿ, ನಮಸ್ಕಾರ.