ಗ್ಯಾಸ್ ಖಾಲಿಯಾಗುವುದಿಲ್ಲ, ಸೋರುತ್ತದೆ

(ಉಡುಪಿಯಲ್ಲಿ ಐಟಿಐ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸ)

ಮಕ್ಕಳೇ, ಅಧ್ಯಾಪಕರೇ, ನಮಸ್ಕಾರ.

ನಾನು ಮಂಗಳೂರಿನಲ್ಲಿ ಅಂಗಡಿ, ಹೋಟೆಲ್, ಆಸ್ಪತ್ರೆಗಳ ಎಸಿ ರಿಪೇರಿ ಮಾಡುವವನು. ಬೇಸಿಗೆ ಶುರುವಾಯಿತು ಅಂದರೆ ಫೋನಿನಲ್ಲಿ ಒಂದೇ ಮಾತು: "ಗ್ಯಾಸ್ ಖಾಲಿಯಾಗಿದೆ ಮಾರಾಯ್ರೆ, ಒಮ್ಮೆ ಬಂದು ತುಂಬಿಸಿ ಹೋಗಿ." ಇವತ್ತು ನಾನು ಮಾತಾಡುವುದು ಇದರ ಬಗ್ಗೆಯೇ. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲ, ಅಡುಗೆಮನೆಯ ಸಿಲಿಂಡರೂ ಅಲ್ಲ. ಒಳಗೆ ಆವಿಯಾಗುತ್ತಾ ಕೋಣೆಯ ಸೆಕೆ ಹೀರುತ್ತದೆ, ಹೊರಗೆ ದ್ರವವಾಗುತ್ತಾ ಆ ಬಿಸಿಯನ್ನು ಬಿಡುತ್ತದೆ. ಇದ್ದಷ್ಟೇ ಗ್ಯಾಸ್ ಸುತ್ತು ಹಾಕುತ್ತಾ ಇರುತ್ತದೆ. ಕಡಿಮೆಯಾಯಿತು ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ರಥಬೀದಿಯ ಹತ್ತಿರ ಒಂದು ಜವಳಿ ಅಂಗಡಿ. ಒಂದೇ ಬೇಸಿಗೆಯಲ್ಲಿ ಮೂರು ಸಲ ಗ್ಯಾಸ್ ತುಂಬಿಸಿದ್ದರು. ನಾನು ಹೋದವನು ಪ್ರೆಶರ್ ನೋಡುವ ಗೇಜ್ ತೆಗೆಯಲಿಲ್ಲ. ಸುಮ್ನೆ ಔಟ್‌ಡೋರ್ ಯೂನಿಟ್ ಎದುರು ಕುಕ್ಕರಗಾಲಲ್ಲಿ ಕೂತು ನೋಡಿದೆ. ತಾಮ್ರದ ಪೈಪು ಬಂದು ಸೇರುವ ಫ್ಲೇರ್ ನಟ್ ಸುತ್ತ ಹಸಿರು ಕಿಲುಬು. ಅದರ ಕೆಳಗೆ ಎಣ್ಣೆಯ ಜಿಡ್ಡು, ಜಿಡ್ಡಿಗೆ ಅಂಟಿದ ಧೂಳು. ಗ್ಯಾಸ್ ಜೊತೆ, ಅದನ್ನು ಒತ್ತಿ ಓಡಿಸುವ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ, ಸೋರುವಾಗ ಅದೂ ಹೊರಗೆ ಬರುತ್ತದೆ. ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ, ಎಣ್ಣೆ ಕಾಣುತ್ತದೆ. ಸೋಪಿನ ನೊರೆ ಹಚ್ಚಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ಒಡೆಯಿತು, ಮತ್ತೊಂದು ಎದ್ದಿತು. ಮಾಲೀಕರನ್ನು ಕರೆದು ತೋರಿಸಿದೆ. "ಇಷ್ಟಕ್ಕಾ ನಾನು ಮೂರು ಸಲ ದುಡ್ಡು ಕೊಟ್ಟದ್ದು?" ಅಂದರು. ಆ ಮುಖ ನನಗೆ ಇನ್ನೂ ನೆನಪಿದೆ.

ಉಳಿದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡು, ಪೈಪಿನ ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿದೆ, ಅಂದರೆ ನಟ್ ಬಿಗಿಯಾಗಿ ಹಿಡಿಯುವ ಹಾಗೆ ತುದಿಯನ್ನು ಅಗಲಿಸಿದೆ. ನೈಟ್ರೋಜನ್ ತುಂಬಿ ಪ್ರೆಶರ್ ನಿಲ್ಲುತ್ತದೋ ನೋಡಿದೆ. ಇಲ್ಲಿ ಒಂದು ಮಾತು: ಕೈಗೆ ಸಿಕ್ಕಿತು ಅಂತ ಆಕ್ಸಿಜನ್ ಎಂದೂ ತುಂಬಬೇಡಿ. ಒಳಗಿನ ಎಣ್ಣೆಗೆ ತಾಗಿದರೆ ಸ್ಫೋಟವಾಗುತ್ತದೆ, ಜೀವ ಹೋಗುತ್ತದೆ. ಆಮೇಲೆ ವ್ಯಾಕ್ಯೂಮ್, ಅಂದರೆ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು ತೆಗೆಯುವುದು, ಒತ್ತಡ 500 ಮೈಕ್ರಾನಿಗೆ ಇಳಿಯುವವರೆಗೆ. ಪೈಪಿನಲ್ಲಿ ತೇವ ಉಳಿದರೆ ಎಣ್ಣೆ ಹುಳಿಯಾಗಿ ಕಂಪ್ರೆಸರನ್ನು ತಿನ್ನುತ್ತದೆ. ಕೊನೆಗೆ ತಕ್ಕಡಿಯಲ್ಲಿ ತೂಗಿ ಗ್ಯಾಸ್. ಅರ್ಧ ದಿನದ ಕೆಲಸ. ತುಂಬಿಸಿ ಹೋಗುವುದಾದರೆ ಅರ್ಧ ಗಂಟೆ ಸಾಕು. ಸುಲಭದ ದಾರಿ ಯಾಕೆ ಹಿಡಿಯುತ್ತಾರೆ ಅಂತ ಗೊತ್ತಾಯಿತಲ್ವಾ?

ಸೋರಿದ್ದು ಎಲ್ಲಿಗೆ ಹೋಗುತ್ತದೆ? ಎಸಿ ಗ್ಯಾಸಿನಲ್ಲಿ ಹಲವು ಬಗೆ ಇವೆ. ಹಳೆಯ ಆರ್-22 ಓಝೋನ್ ಪದರವನ್ನು ತಿನ್ನುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದ ಆದದ್ದೇ ಇಂಥ ಅನಿಲಗಳನ್ನು ತಡೆಯಲಿಕ್ಕೆ. ಆರ್-410ಎ ಓಝೋನಿಗೆ ತೊಂದರೆ ಕೊಡುವುದಿಲ್ಲ ನಿಜ. ಆದರೆ ಅದು ಒಂದು ಕೆಜಿ ಸೋರಿದರೆ 2,000 ಕೆಜಿಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಂತೆ. ಈಗ ಬರುವ ಆರ್-32ರಲ್ಲಿ ಇದು ಕಡಿಮೆ, ಆದರೆ ಅದಕ್ಕೆ ಬೆಂಕಿ ಹತ್ತಬಹುದು.

ನಮ್ಮ ಕರಾವಳಿಯಲ್ಲಿ ಸೋರಿಕೆ ಜಾಸ್ತಿ. ಉಪ್ಪಿನ ಗಾಳಿ. ಪಣಂಬೂರು, ಮಲ್ಪೆ ಕಡೆಯ ತಾರಸಿಗಳಲ್ಲಿ ಕಂಡೆನ್ಸರಿನ, ಅಂದರೆ ಹೊರಗೆ ಬಿಸಿ ಬಿಡುವ ಭಾಗದ, ತೆಳು ಅಲ್ಯೂಮಿನಿಯಂ ಫಿನ್ ಬೆರಳು ತಾಗಿದರೆ ಪುಡಿಯಾಗುವುದನ್ನು ನೀವೇ ನೋಡುತ್ತೀರಿ. ಆಗಾಗ ಸಿಹಿನೀರಿನಲ್ಲಿ ತೊಳೆದರೆ ಅದರ ಆಯುಷ್ಯ ಹೆಚ್ಚುತ್ತದೆ. ಇದನ್ನು ಗಿರಾಕಿಗೆ ಹೇಳಿ.

ಇನ್ನೊಂದು, ಟನ್ನಿನ ವಿಷಯ. ಒಂದು ಟನ್ ಅಂದರೆ ಯಂತ್ರದ ತೂಕ ಅಲ್ಲ. ಮಲ್ಪೆಯಲ್ಲಿ ಮೀನಿಗೆ ಹಾಕುವ ಐಸ್ ನೆನಪು ಮಾಡಿಕೊಳ್ಳಿ. ಸುಮಾರು 900 ಕೆಜಿ ಐಸ್ 24 ಗಂಟೆಯಲ್ಲಿ ಕರಗುತ್ತಾ ಎಷ್ಟು ಬಿಸಿ ಹೀರುತ್ತದೋ ಅಷ್ಟು ಕೆಲಸಕ್ಕೆ ಒಂದು ಟನ್, ಸುಮಾರು 3.5 ಕಿಲೋವ್ಯಾಟ್. ದೊಡ್ಡದಿದ್ದರೆ ಒಳ್ಳೆಯದು ಅಂತ ಗಿರಾಕಿ ಎರಡು ಟನ್ ಕೇಳುತ್ತಾರೆ. ಚಿಕ್ಕ ಕೋಣೆಗೆ ದೊಡ್ಡದು ಹಾಕಿದರೆ ಬೇಗ ತಂಪಾಗಿ ಕಂಪ್ರೆಸರ್ ನಿಂತುಬಿಡುತ್ತದೆ, ಗಾಳಿಯ ತೇವ ಹಾಗೇ ಉಳಿಯುತ್ತದೆ. ಆಟಿ ತಿಂಗಳ ಮಳೆಯಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ತನ್ನ ಯಂತ್ರ ರೂಪಿಸಿದ್ದು ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ. ತೇವ ಕುಡಿದ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ತೇವ ತೆಗೆಯುವುದೇ ಎಸಿಯ ಮೊದಲ ಕೆಲಸವಾಗಿತ್ತು. 1843ರಲ್ಲೇ 'ಮಂಗಳೂರ ಸಮಾಚಾರ' ಪತ್ರಿಕೆ ಅಚ್ಚಾದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾತು ಇಷ್ಟು ಸಾಕು. ಆ ಮೂಲೆಯಲ್ಲಿ ಒಂದು ಹಳೆಯ ಯೂನಿಟ್ ಇಟ್ಟಿದ್ದೇನೆ, ನೈಟ್ರೋಜನ್ ತುಂಬಿದೆ. ಎರಡು ಕಡೆ ಸೋರುತ್ತಿದೆ, ಎಲ್ಲಿ ಅಂತ ಹೇಳುವುದಿಲ್ಲ. ಬಾಲ್ದಿಯಲ್ಲಿ ಸೋಪಿನ ನೀರಿದೆ. ಬನ್ನಿ, ಮೊದಲು ಕೈ ಹಚ್ಚದೆ ಕೂತು ನೋಡಿ.