ಮೋನೆಯ ನೈದಿಲೆ ಕೊಳ

ನಮಸ್ಕಾರ ಕೇಳುಗರೇ. ಇವತ್ತಿನ ಮಾತು ಒಂದು ಕೊಳದ್ದು. ಕೊಳ ತೋಡಿಸಿದವರೂ ಅದರ ಚಿತ್ರ ಬರೆದವರೂ ಒಬ್ಬರೇ, ಫ್ರಾನ್ಸಿನ ಕ್ಲಾಡ್ ಮೋನೆ.

1883ರಲ್ಲಿ ಮೋನೆ ಜಿವರ್ನಿ ಎಂಬ ಹಳ್ಳಿಗೆ ಬಾಡಿಗೆಗೆ ಬಂದರು. ಏಳು ವರ್ಷದ ನಂತರ ಅದೇ ಮನೆ ಕೊಂಡುಕೊಂಡರು. 1893ರಲ್ಲಿ ರೈಲು ಹಳಿಯ ಆಚೆ ಇನ್ನೊಂದಿಷ್ಟು ಜಾಗ ಕೊಂಡು, ಪಕ್ಕದ ಕಾಲುವೆಯಿಂದ ಕೊಳಕ್ಕೆ ನೀರು ತಿರುಗಿಸಲು ಅನುಮತಿ ಕೇಳಿದರು. ಊರವರು ಬಿಡಬೇಕಲ್ಲ! ಎಲ್ಲಿಂದಲೋ ತಂದ ಗಿಡ ನೆಟ್ಟು ನೀರು ಕೆಟ್ಟರೆ ದನ ಕುಡಿಯುವುದೇನು, ಬಟ್ಟೆ ಒಗೆಯುವುದೆಲ್ಲಿ ಅಂತ ತಕರಾರು ತೆಗೆದರು. ಮೋನೆಗೆ ಸಿಟ್ಟು ನೆತ್ತಿಗೇರಿತು. ಕೊನೆಗೆ ಪ್ರಿಫೆಕ್ಟರಿಗೆ, ಅಂದರೆ ನಮ್ಮ ಜಿಲ್ಲಾಧಿಕಾರಿಯಂಥವರಿಗೆ, ಪತ್ರ ಬರೆದರು. ಕಣ್ಣಿಗೆ ಖುಷಿಯಾಗಲಿ, ಚಿತ್ರಕ್ಕೂ ಒದಗಲಿ ಅಂತ ಗಿಡ ನೆಡುತ್ತಿದ್ದೇನೆ ಅನ್ನುವುದು ಅವರ ಸಮಜಾಯಿಷಿ. ಅನುಮತಿ ಸಿಕ್ಕಿತು.

ನೆಟ್ಟಿದ್ದು ನೈದಿಲೆ. ನಾವು ಸುಮ್ನೆ ಎಲ್ಲವನ್ನೂ ತಾವರೆ ಅಂತೀವಿ, ಅಲ್ವಾ? ಬಲಿತ ತಾವರೆ ಎಲೆ ನೀರು ಬಿಟ್ಟು ಮೇಲೆದ್ದು ನಿಲ್ಲುತ್ತದೆ. ನೈದಿಲೆ ಎಲೆ ನೀರಿನ ಮೇಲೇ ಅಂಗಾತ ಮಲಗುತ್ತದೆ. ಮೋನೆಯ ಚಿತ್ರ ನಿಂತಿರುವುದೇ ಈ ಮಲಗುವಿಕೆಯ ಮೇಲೆ.

1899ರ ಒಂದು ತೈಲಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಎತ್ತರ 88 ಸೆಂಟಿಮೀಟರ್, ಅಗಲ 93. ಹೆಚ್ಚೂಕಡಿಮೆ ಚೌಕ. ನಡುವೆ ಜಪಾನೀ ಮಾದರಿಯ ಮರದ ಸೇತುವೆ, ಬಿಲ್ಲಿನ ಹಾಗೆ ಬಾಗಿದೆ. ಹಿಂದೆಲ್ಲ ಹಸಿರು ತುಂಬಿಕೊಂಡಿದೆ, ಆಕಾಶಕ್ಕೆ ಜಾಗವೇ ಇಲ್ಲ. ಕೆಳಗಿನ ನೀರನ್ನು ಹತ್ತಿರದಿಂದ ನೋಡಿದರೆ ಒಂದು ಗುಟ್ಟು ಬಯಲಾಗುತ್ತದೆ. ಎಲೆಗಳಿಗೆ ಕುಂಚ ಅಡ್ಡಡ್ಡ ಓಡಿದೆ. ಎಲೆಗಳ ಸಂದಿಯಲ್ಲಿ ಗಿಡಮರದ ನೆರಳಿಗೆ ಉದ್ದುದ್ದ ಇಳಿದಿದೆ. ಅಷ್ಟೇ. ನೀರು ಅಂತ ಬೇರೆ ಬಣ್ಣವನ್ನೇ ಬಳಿದ ಹಾಗಿಲ್ಲ. ಆದರೂ ಕಣ್ಣಿಗೆ ಮೊದಲು ಕಾಣುವುದು ನೀರೇ!

ಈ ಕೊಳ ತಾನಾಗೇ ಹಾಗಿರಲಿಲ್ಲ. ಅದಕ್ಕೆಂದೇ ಒಬ್ಬ ಮಾಲಿ ಇದ್ದ. ದೋಣಿಯಲ್ಲಿ ಹೋಗಿ ಪಾಚಿ ತೆಗೆಯುವುದು, ಎಲೆಯ ಧೂಳು ತೊಳೆಯುವುದು ಅವನ ಕೆಲಸ. ಪಕ್ಕದ ರಸ್ತೆಯಲ್ಲಿ ಕಾರುಗಳ ಧೂಳು ಜಾಸ್ತಿಯಾದಾಗ ಮೋನೆ ಸ್ವಂತ ದುಡ್ಡಿನಿಂದ ಟಾರು ಹಾಕಿಸಿದರು. ಹೂವಿನ ಮೇಲೆ ಧೂಳು ಕೂರಬಾರದಲ್ಲ!

1912ರಲ್ಲಿ ಅವರ ಕಣ್ಣಿಗೆ ಪೊರೆ ಬಂದಿರುವುದು ಗೊತ್ತಾಯಿತು. ಹೆದರಿಕೆಯಿಂದ ಮುಂದೂಡುತ್ತಾ ಹೋದ ಆಪರೇಷನ್ ಆಗಿದ್ದು 1923ರಲ್ಲಿ. ಈ ನಡುವೆ ಬರೆದ ಸೇತುವೆ ಚಿತ್ರಗಳಲ್ಲಿ ಕೆಂಪು, ಕಂದು ಉರಿಯುತ್ತವೆ. ಸೇತುವೆ ಎಲ್ಲಿ, ಗಿಡ ಎಲ್ಲಿ ಅಂತ ಹುಡುಕಬೇಕು. ಇದೆಲ್ಲ ಪೊರೆಯ ಕರಾಮತ್ತು ಅನ್ನುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅರವತ್ತು ವರ್ಷ ಬಣ್ಣ ಕಲಸಿದ ಕೈಗೂ ಒಂದು ನೆನಪಿರುತ್ತದೆ.

ಮೋನೆ ತೀರಿಕೊಂಡಿದ್ದು 1926ರ ಡಿಸೆಂಬರ್ 5ರಂದು. ಮರುವರ್ಷ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಒರಾಂಜೆರಿ ಎಂಬ ಮ್ಯೂಸಿಯಂನಲ್ಲಿ ಅವರ ಎಂಟು ದೊಡ್ಡ ನೈದಿಲೆ ಚಿತ್ರಗಳು ಜನರಿಗೆ ತೆರೆದುಕೊಂಡವು. ಮೊಟ್ಟೆಯಾಕಾರದ ಎರಡು ಕೋಣೆ, ಗೋಡೆಯ ಬಳುಕಿಗೆ ತಕ್ಕಂತೆ ಬಾಗಿದ ಚಿತ್ರಗಳು. ಅಲ್ಲಿ ಸೇತುವೆ ಇಲ್ಲ, ಆಚೆ ದಡವೂ ಕಾಣುವುದಿಲ್ಲ. ನಡುವೆ ಬೆಂಚಿದೆ, ನೀರಿನ ಮಧ್ಯೆ ಕೂತ ಹಾಗೆ ಕೂರಬಹುದು.